ಚೀಟಿ ಕಿಸೆಯಲ್ಲಿ, ಪಟ್ಟಿ ರೈತನ ಕೈಯಲ್ಲಿ

ಹನ್ನೊಂದು ಫೈಲುಗಳು. ಹೆಸರು ಇತ್ತು, ತಾರೀಖು ಇತ್ತು, ಅಳತೆಯ ಕಾಲಮ್ಮಿನಲ್ಲಿ ಮಾತ್ರ ಮೇಲಿಂದ ಕೆಳಗೆ ಸೊನ್ನೆ. 2012ರ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಸೋಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲಿರುವ ಟವೆಲ್ ಕಾರ್ಖಾನೆಯೊಂದರ ಡಿಸೈನ್ ಕೋಣೆಯಲ್ಲಿ ನಾನು ಆ ಸೊನ್ನೆಗಳನ್ನು ನೋಡುತ್ತ ನಿಂತಿದ್ದೆ. ಪಕ್ಕದಲ್ಲಿ ಡಿಸೈನ್ ಮಾಸ್ತರರು. ಅಕ್ಕಲಕೋಟದ ಕಡೆಯವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಕಾರ್ಖಾನೆಯಲ್ಲಿ ಎಲ್ಲರೊಡನೆ ಮರಾಠಿ, ನನ್ನೊಡನೆ ಕನ್ನಡ.

“ತಮ್ಮಾ, ನಿನ್ನೆ ಸಂಜೀಕ ಸರ್ವರ್‌ದಾಗ ಹಾಕೀನಿ. ಆತು ಅಂತ ತೋರಿಸಿದ ಮ್ಯಾಲೇ ಇಲ್ಲಿಂದ ಅಳಿಸೀನಿ. ಹಂಗ ಮಾಡ್ರಿ ಅಂತ ನೀನ ಹೇಳಿದ್ದಿ.”

ಹೌದು, ನಾನೇ ಹೇಳಿದ್ದೆ. ಯಾರ ಕಂಪ್ಯೂಟರಿನಲ್ಲೂ ಸ್ವಂತ ಕಾಪಿ ಇರಬಾರದು, ಎಲ್ಲ ಸರ್ವರ್‌ನಲ್ಲಿರಲಿ, ಅಲ್ಲಿ ಭದ್ರ ಎಂಬುದು ನಾನು ಮಾಡಿದ ನಿಯಮ. ಆ ಹನ್ನೊಂದರಲ್ಲಿ ಒಂದು ಫೈಲು ಮಾಸ್ತರರ ಮೂರು ದಿನದ ದುಡಿಮೆ. 2,688 ಹುಕ್ಕುಗಳ ಜಕಾರ್ಡಿಗೆ ಒಂದೊಂದು ಹುಕ್ಕಿಗೆ ಒಂದೊಂದು ಚುಕ್ಕೆಯ ಲೆಕ್ಕದಲ್ಲಿ ಅಂಚಿನ ಬಳ್ಳಿಯನ್ನು ಗಿಂಪ್‌ನಲ್ಲಿ ಚುಕ್ಕೆ ಚುಕ್ಕೆಯಾಗಿ ಬರೆದಿದ್ದರು. ಎಲ್ಲಿ ಹಾಸಿನ ಎಳೆ ಮೇಲೆ ಬರಬೇಕು, ಎಲ್ಲಿ ಹೊಕ್ಕು ಕಾಣಬೇಕು ಎಂಬುದನ್ನು ಕಣ್ಣು ಕಿರಿದು ಮಾಡಿ ನೋಡುತ್ತ ಮಾಡುವ ಕೆಲಸ ಅದು. ಮಾಸ್ತರರು ಬೈಯಲಿಲ್ಲ. ಬಾಗಿಲ ಹೊರಗೆ, ಶೆಡ್ಡಿನ ಗೋಡೆಗೆ ಇನ್ನೂ ತೂಗುಹಾಕಿದ್ದ ಹಳೆಯ ರಟ್ಟಿನ ಕಾರ್ಡುಗಳ ಸರವನ್ನು ನೋಡಿ ಇಷ್ಟೇ ಅಂದರು: “ಕಾರ್ಡ್ ಇದ್ದಾಗ ಲೈಟ್ ಹೋದ್ರ ಮಗ್ಗ ನಿಲ್ಲತಿತ್ತು. ಡಿಜೈನ್ ಹೋಗ್ತಿರಲಿಲ್ಲ.”

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ರಟ್ಟಿನಲ್ಲಿ ಒಮ್ಮೆ ತೂತು ಬಿತ್ತೆಂದರೆ ಬಿತ್ತು. ನನ್ನ ಸರ್ವರ್‌ನಲ್ಲಿ ತೂತು ಬೀಳುವ ಮೊದಲೇ ಬಿದ್ದಿದೆ ಎಂದು ಹೇಳುವ ಏರ್ಪಾಡನ್ನು ನಾನೇ ಮಾಡಿಟ್ಟಿದ್ದೆ.

ಆದದ್ದು ಹೀಗೆ. ಹಿಂದಿನ ನವೆಂಬರಿನಲ್ಲಿ ಹೊಸ ಸರ್ವರ್ ಬಂದಿತ್ತು. 16 ಜಿಬಿ ಮೆಮೊರಿ, ರೇಡ್ 5ರಲ್ಲಿ ಜೋಡಿಸಿದ ನಾಲ್ಕು ಡಿಸ್ಕು, ಮೇಲೆ ಸೆಂಟ್‌ಓಎಸ್ 6. ಲೈಸೆನ್ಸಿನ ಖರ್ಚು ಬೇಡವೆಂದು ಆರೂ ಡಿಸೈನ್ ಯಂತ್ರಗಳಲ್ಲಿ ಲಿನಕ್ಸ್ ಹಾಕಿ, ಎನ್‌ಎಫ್‌ಎಸ್ ಮೂಲಕ ಸರ್ವರ್‌ನ ಫೋಲ್ಡರನ್ನು ತೋರಿಸಿದ್ದೆ. ಎರಡೇ ದಿನಕ್ಕೆ ದೂರು ಶುರುವಾಯಿತು: ಸಣ್ಣ ಫೈಲುಗಳನ್ನು ಗುಂಪಾಗಿ ಹಾಕಿದರೆ ಚಹಾ ಕುಡಿದು ಬಂದರೂ ಮುಗಿಯುವುದಿಲ್ಲ. ಹುಡುಕಿದೆ. ಎಕ್ಸ್‌ಪೋರ್ಟ್ಸ್ ಎಂಬ ಫೈಲಿನಲ್ಲಿ ‘ಸಿಂಕ್’ ಎಂದಿದ್ದುದಕ್ಕೆ ಒಂದು ‘ಅ’ ಸೇರಿಸಿ ‘ಅಸಿಂಕ್’ ಮಾಡಿದೆ. ನಿಮಿಷ ಹಿಡಿಯುತ್ತಿದ್ದ ಕೆಲಸ ಎರಡು ಸೆಕೆಂಡಿಗೆ ಇಳಿಯಿತು. ಮಾಲಕರು ಬೆನ್ನು ತಟ್ಟಿದರು. ಹೀಗೆ ಮಾಡಿದಾಗ ಸರ್ವರ್ ಹಠಾತ್ತಾಗಿ ನಿಂತರೆ ಡೇಟಾ ಹೋದೀತು ಅಥವಾ ಕೆಟ್ಟೀತು ಎಂದು ಎಕ್ಸ್‌ಪೋರ್ಟ್ಸ್‌ನ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ನಾನು ಅದನ್ನು ಓದಿದ್ದೆ ಕೂಡ. ಯುಪಿಎಸ್ ಇದೆಯಲ್ಲ ಎಂದುಕೊಂಡೆ.

ಆ ದಿನಗಳಲ್ಲಿ ಮಹಾರಾಷ್ಟ್ರದಲ್ಲಿ ಲೋಡ್ ಶೆಡ್ಡಿಂಗ್ ಇತ್ತು. ಗಂಟೆ ಗೊತ್ತಿರುವ ಕಡಿತದಿಂದ ತೊಂದರೆಯಿರಲಿಲ್ಲ, ಜನರೇಟರ್ ಹಚ್ಚಿಯೇ ಇರುತ್ತಿತ್ತು. ಆ ಸಂಜೆ ಹೋದದ್ದು ವೇಳಾಪಟ್ಟಿಯಲ್ಲಿಲ್ಲದ ಕರೆಂಟು. ಪಾಳಿ ಮುಗಿಯುವ ಹೊತ್ತು, ಆರೂ ಜನ ಒಟ್ಟಿಗೆ ದಿನದ ಕೆಲಸವನ್ನು ಸರ್ವರ್‌ಗೆ ಸರಿಸುತ್ತಿದ್ದರು. ಅದೇ ಹೊತ್ತಿಗೆ ಇನ್ನೊಂದು ಯಂತ್ರದಿಂದ ಮಾದರಿಗಳ ದೊಡ್ಡ ದೊಡ್ಡ ಫೋಟೋಗಳೂ ಬರುತ್ತಿದ್ದವು. ಪರದೆಯ ಮೇಲೆ ಎಲ್ಲ ಮುಗಿದಿತ್ತು. ಕರೆಂಟು ಹೋದ ಕೂಡಲೇ ಸರ್ವರ್‌ನ ಯುಪಿಎಸ್ ಒಂದು ಸಲ ಕೂಗಿ ಸತ್ತಿತು. ಒಳಗಿನ ಬ್ಯಾಟರಿಗಳು ಉಬ್ಬಿ ಎಷ್ಟು ದಿನವಾಗಿತ್ತೋ, ನಾನು ತೆಗೆದು ನೋಡಿರಲಿಲ್ಲ. ಡಿಸೈನ್ ಯಂತ್ರಗಳಿಗೆ ಸಣ್ಣ ಸಣ್ಣ ಬೇರೆ ಯುಪಿಎಸ್ ಇದ್ದವು, ಅವು ಚೆನ್ನಾಗಿದ್ದವು. ಜನ ತಮ್ಮ ಯಂತ್ರಗಳನ್ನು ಕ್ರಮವಾಗಿ ಮುಚ್ಚಿ, ಸೇವ್ ಆಗಿದೆ ಎಂಬ ನೆಮ್ಮದಿಯಲ್ಲಿ ಮನೆಗೆ ಹೋದರು.

ನಮ್ಮೂರು ಕಂದಲಗಾಂವ, ದಕ್ಷಿಣ ಸೋಲಾಪುರ ತಾಲ್ಲೂಕು. ಮರುದಿನ ರಾತ್ರಿ ಎಸ್‌ಟಿ ಬಸ್ಸಿಳಿದು ಮನೆಗೆ ಬಂದಾಗ ಅಪ್ಪ ಅಂಗಳದಲ್ಲಿ ಕೂತಿದ್ದರು. ಅವರು ಸೋಲಾಪುರದ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಅಡತಿ ಅಂಗಡಿಯೊಂದರಲ್ಲಿ ಬಹಳ ವರ್ಷ ಮುನೀಮರಾಗಿದ್ದವರು. ಕಂಪ್ಯೂಟರ್ ಮುಟ್ಟಿದವರಲ್ಲ. ನನ್ನ ಮುಖ ನೋಡಿ ಏನಾಯಿತೆಂದು ಕೇಳಿದರು. ನಾನು ತೋಚಿದ ಹಾಗೆ ಹೇಳಿದೆ: ಬಂದದ್ದನ್ನು ಸರ್ವರ್ ಮೊದಲು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ, ಡಿಸ್ಕಿಗೆ ಆಮೇಲೆ ಬರೆಯುತ್ತದೆ, ಆದರೆ ಬರೆದಾಯಿತು ಎಂದು ಮೊದಲೇ ಹೇಳಿಬಿಟ್ಟಿತು, ಅಷ್ಟರಲ್ಲಿ ಕರೆಂಟು ಹೋಯಿತು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅಂದ್ರ ಪಟ್ಟಿ ಕೊಟ್ಟಿ, ಕಿರ್ದ್ಯಾಗ ಬರೀಲಿಲ್ಲ. ಅಷ್ಟ ಅಲಾ?”

ಅಷ್ಟೇ. ನಾನು ಓದಿದ ಯಾವ ಪುಸ್ತಕವೂ ಇದನ್ನು ಇಷ್ಟು ಸರಿಯಾಗಿ ಹೇಳಿರಲಿಲ್ಲ. ಲಿಲಾವು ನಡೆಯುವಾಗ ಮುನೀಮ ಚೀಲದ ಲೆಕ್ಕ, ತೂಕ, ದರ ಎಲ್ಲವನ್ನೂ ಚೀಟಿಯಲ್ಲಿ ಗೀಚಿಕೊಳ್ಳುತ್ತಾನೆ. ಪ್ರತಿ ಕೂಗಿಗೂ ಅಂಗಡಿಗೆ ಓಡಿ ಕಿರ್ದಿಯಲ್ಲಿ ಬರೆಯುತ್ತ ಕೂತರೆ ಲಿಲಾವು ನಡೆಯುವುದೇ ಇಲ್ಲ. ಚೀಟಿ ತಪ್ಪಲ್ಲ, ಚೀಟಿ ಬೇಕು. ಆದರೆ ರೈತನಿಗೆ ಪಟ್ಟಿ, ಅಂದರೆ ಲೆಕ್ಕದ ರಸೀದಿ, ಕೊಡುವುದು ಲೆಕ್ಕ ಕಿರ್ದಿ ಪುಸ್ತಕಕ್ಕೆ ಏರಿದ ಮೇಲೆ. ಪಟ್ಟಿ ಕೈಗೆ ಬಂದ ಮೇಲೆ ರೈತ ತನ್ನ ಬಳಿಯ ತೂಕದ ಚೀಟಿಯನ್ನು ಹರಿದು ಒಗೆಯುತ್ತಾನೆ. ಮುನೀಮನ ಚೀಟಿ ಮಳೆಯಲ್ಲಿ ನೆಂದರೂ ರೈತನ ಬಳಿ ತೂಕದ ಚೀಟಿ ಇರುವ ತನಕ ಲೆಕ್ಕ ಮತ್ತೆ ಕಟ್ಟಬಹುದು. ಮೊದಲೇ ಪಟ್ಟಿ ಕೊಟ್ಟರೆ ಎರಡೂ ಕಡೆ ಕಾಗದ ಇಲ್ಲದ ಹಾಗಾಗುತ್ತದೆ.

ಎನ್‌ಎಫ್‌ಎಸ್ ಕಟ್ಟಿದವರಿಗೆ ಈ ಕಿರ್ದಿಯ ನೀತಿ ಗೊತ್ತಿತ್ತು ಎಂಬುದು ನನಗೆ ಆಮೇಲೆ, ನಿಯಮಗಳನ್ನು ಕೂತು ಓದಿದಾಗ ಹೊಳೆಯಿತು. ಸನ್ ಮೈಕ್ರೋಸಿಸ್ಟಮ್ಸ್‌ನವರು 1980ರ ದಶಕದ ನಡುವಿನಲ್ಲಿ ಹೊರತಂದ ಎರಡನೇ ಆವೃತ್ತಿಯಲ್ಲಿ ನಿಯಮ ಬಿಗಿ: ಡಿಸ್ಕಿಗೆ ಬೀಳುವ ತನಕ ಸರ್ವರ್ ಉತ್ತರ ಕೊಡಬಾರದು. ಪ್ರತಿ ಕೂಗಿಗೂ ಕಿರ್ದಿಗೆ ಓಡುವ ರೀತಿ ಅದು, ಆದ್ದರಿಂದ ನಿಧಾನ. 1995ರಲ್ಲಿ ದಾಖಲಾದ ಮೂರನೇ ಆವೃತ್ತಿ ಚೀಟಿಗೆ ಜಾಗ ಮಾಡಿಕೊಟ್ಟಿತು. ಕ್ಲೈಂಟು, ಅಂದರೆ ಫೈಲು ಕಳಿಸುವ ಯಂತ್ರ, ‘ಸದ್ಯಕ್ಕೆ ಮೆಮೊರಿಯಲ್ಲಿಟ್ಟುಕೊ’ ಎಂದು ತುಂಡು ತುಂಡಾಗಿ ಕಳಿಸಬಹುದು; ಕೊನೆಗೆ ‘ಕಮಿಟ್’ ಎಂದು ಕೇಳುತ್ತದೆ. ಸರ್ವರ್ ಅದುವರೆಗಿನ ಬಾಕಿಯನ್ನೆಲ್ಲ ಡಿಸ್ಕಿಗೆ ಹಾಕಿ ಆಮೇಲೆ ‘ಆಯಿತು’ ಎನ್ನಬೇಕು. ಆ ಉತ್ತರ ಬರುವ ತನಕ ಕ್ಲೈಂಟು ತನ್ನ ಕಾಪಿಯನ್ನು ಬಿಡುವುದಿಲ್ಲ. ಇದರ ಜೊತೆ ಸರ್ವರ್ ಬರಹಕ್ಕೂ ಕಮಿಟ್‌ಗೂ ಕೊಡುವ ಪ್ರತಿ ಉತ್ತರದಲ್ಲೂ ಒಂದು ಗುರುತಿನ ಸಂಖ್ಯೆ ಕಳಿಸುತ್ತದೆ, ವೆರಿಫೈಯರ್ ಅಂತ. ಸರ್ವರ್ ಸತ್ತು ಮತ್ತೆ ಎದ್ದರೆ ಆ ಸಂಖ್ಯೆ ಬದಲಾಗುತ್ತದೆ. ಬದಲಾದದ್ದು ಕಂಡ ಕೂಡಲೇ ಕ್ಲೈಂಟಿಗೆ ತಿಳಿಯುತ್ತದೆ: ನಡುವೆ ಚೀಟಿ ನೆಂದಿದೆ, ಎಲ್ಲ ಮತ್ತೆ ಕಳಿಸಬೇಕು.

ಎಷ್ಟು ಚಂದದ ಏರ್ಪಾಡು! ನಾನು ಸೇರಿಸಿದ ಒಂದು ‘ಅ’ ಇದರ ಕುತ್ತಿಗೆ ಹಿಸುಕಿತ್ತು. ಅಸಿಂಕ್ ಇದ್ದಾಗ ಲಿನಕ್ಸ್ ಸರ್ವರ್ ಕಮಿಟ್ ಬಂದರೂ ಡಿಸ್ಕಿನ ಕಡೆ ನೋಡದೆ ‘ಆಯಿತು’ ಎನ್ನುತ್ತದೆ. ಆ ಮಾತು ನಂಬಿ ಕ್ಲೈಂಟು ತನ್ನ ಹೊರೆ ಇಳಿಸುತ್ತದೆ. ಆ ಸಂಜೆ ಆರು ಡಿಸೈನ್ ಯಂತ್ರಗಳಲ್ಲೂ ಜೀವ ಇತ್ತು, ಫೈಲುಗಳು ಅವುಗಳ ಮೆಮೊರಿಯಲ್ಲಿದ್ದವು. ಸರ್ವರ್ ಸುಳ್ಳು ಹೇಳದಿದ್ದರೆ ‘ಇನ್ನೂ ಮುಗಿದಿಲ್ಲ’ ಎಂದು ಪರದೆಗಳು ನಿಂತಿರುತ್ತಿದ್ದವು, ಜನ ಕಾಯುತ್ತಿದ್ದರು, ಮಾಸ್ತರರು ಮೂಲ ಕಾಪಿಯನ್ನು ಅಳಿಸುತ್ತಿರಲಿಲ್ಲ.

ಹೆಸರು ಉಳಿದು ಹೂರಣ ಯಾಕೆ ಹೋಯಿತು ಎಂಬುದೂ ಆಗಲೇ ಅರ್ಥವಾಯಿತು. ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಹೆಸರು, ತಾರೀಖುಗಳಂಥ ವಿವರವನ್ನು ಐದು ಸೆಕೆಂಡಿಗೊಮ್ಮೆ ತನ್ನ ಜರ್ನಲ್‌ಗೆ ಬರೆಯುತ್ತದೆ. ಒಳಗಿನ ಡೇಟಾಕ್ಕೆ ಡಿಸ್ಕಿನಲ್ಲಿ ಜಾಗ ಗೊತ್ತುಮಾಡುವುದನ್ನೇ ಅದು ಮುಂದಕ್ಕೆ ಹಾಕುತ್ತದೆ. ಆ ಡೇಟಾ ಲಿನಕ್ಸಿನ ಮಾಮೂಲು ಲೆಕ್ಕದಂತೆ ಮೂವತ್ತು ಸೆಕೆಂಡು ಹಳೆಯದಾದ ಮೇಲೆ ಹೊರಡುತ್ತದೆ. ಮುಂದೆ ಫೋಟೋಗಳ ಸಾಲು ಇದ್ದರೆ ಇನ್ನೂ ತಡ. ಆ ಅಂತರದಲ್ಲಿ ಕರೆಂಟು ಹೋದರೆ ಡಿಸ್ಕಿನಲ್ಲಿ ಸಿಗುವುದು ಸೊನ್ನೆಯ ಮುಂದೆ ಒಂದು ಹೆಸರು.

ಆ ‘ಅ’ವನ್ನು ತೆಗೆದೆ. ಮಾಸ್ತರರು ಬಳ್ಳಿಯನ್ನು ಮತ್ತೆ ಬರೆದರು, ಈ ಸಲ ಎರಡು ದಿನ ಹಿಡಿಯಿತು. ನಿಧಾನದ ದೂರು ಮತ್ತೆ ಬಂತು.

ಇಂಥ ನಿಧಾನಕ್ಕೆ ಸಾಮಾನ್ಯವಾಗಿ ಒಂದು ಸರಳ ಕಾರಣವಿರುತ್ತದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕು ಸೆಕೆಂಡಿಗೆ 120 ಸುತ್ತು ಹಾಕುತ್ತದೆ, ಒಂದು ಸುತ್ತಿಗೆ ಎಂಟು ಮಿಲಿಸೆಕೆಂಡಿನ ಮೇಲೆ. ಒಂದು ಸಣ್ಣ ಫೈಲು ಹುಟ್ಟಿ, ತುಂಬಿ, ಮುಚ್ಚಿಕೊಳ್ಳುವಷ್ಟರಲ್ಲಿ ಡಿಸ್ಕಿಗೆ ಮೂರು ಸಲ ಕಾಯಬೇಕಾಯಿತು ಎನ್ನಿ. ಸಾವಿರ ಫೈಲಿಗೆ ಇಪ್ಪತ್ತೈದು ಸೆಕೆಂಡು ಬರೀ ಕಾಯುವುದರಲ್ಲೇ ಹೋಯಿತು. ಈ ಕಾಯುವಿಕೆಯನ್ನು ಸುಳ್ಳು ಹೇಳಿ ಕಡಿಮೆ ಮಾಡಬಾರದು. ಬ್ಯಾಟರಿ ಇರುವ ರೇಡ್ ಕಾರ್ಡಿನಂಥ, ಕರೆಂಟು ಹೋದರೂ ನೆನಪಿಟ್ಟುಕೊಳ್ಳುವ ಜಾಗ ಕೊಟ್ಟು ಕಡಿಮೆ ಮಾಡಬೇಕು. ಆದರೆ ನಮ್ಮಲ್ಲಿ ಇನ್ನೊಂದು ನಿಧಾನವೂ ಇತ್ತು, ಅದು ಬೇರೆ ಜಾತಿಯದು. ದಿನಕ್ಕೆ ಎರಡು ಮೂರು ಸಲ ಇಡೀ ಕೋಣೆಯೇ ಒಂದು ನಿಮಿಷ ಕಲ್ಲಾಗಿ ನಿಲ್ಲುತ್ತಿತ್ತು. ಪುಟ್ಟ ಫೈಲೊಂದನ್ನು ಸೇವ್ ಮಾಡಲು ಹೋದವರೂ ನಿಲ್ಲುತ್ತಿದ್ದರು.

ಸರ್ವರ್‌ನ ಪರದೆಯ ಮೇಲೆ ಮೆಮೊರಿಯ ಲೆಕ್ಕವನ್ನು ಸೆಕೆಂಡಿಗೊಮ್ಮೆ ತೋರಿಸುವಂತೆ ಮಾಡಿ ಎರಡು ದಿನ ಕೂತು ನೋಡಿದೆ. ಆ ಲೆಕ್ಕದಲ್ಲಿ ‘ಡರ್ಟಿ’ ಎಂಬ ಸಾಲಿದೆ, ಇನ್ನೂ ಡಿಸ್ಕಿಗೆ ಹೋಗದ ಬಾಕಿ ಅದು. ಅದರ ಕೆಳಗೆ ‘ರೈಟ್‌ಬ್ಯಾಕ್’, ಈಗ ಡಿಸ್ಕಿಗೆ ಹೋಗುತ್ತಿರುವುದು. ಫೋಟೋಗಳು ಬರತೊಡಗಿದರೆ ಡರ್ಟಿ ನೂರು ಎಂಬಿ, ಐದುನೂರು, ಸಾವಿರ ಎಂದು ಸದ್ದಿಲ್ಲದೆ ಏರುತ್ತಿತ್ತು. ಆಗೆಲ್ಲ ಎಲ್ಲರಿಗೂ ಸರ್ವರ್ ಬಹಳ ಚುರುಕು ಅನಿಸುತ್ತಿತ್ತು. ಮೂರು ಜಿಬಿಯ ಹತ್ತಿರ ಬಂದಾಗ ಕೋಣೆ ನಿಂತಿತು. ಲಿನಕ್ಸಿನ ಮಾಮೂಲು ನಿಯಮ ಹೀಗಿದೆ: ಬಾಕಿ ಬಳಕೆಗೆ ಸಿಗುವ ಮೆಮೊರಿಯ ಶೇ. 10 ದಾಟಿದರೆ ಹಿನ್ನೆಲೆಯಲ್ಲಿ ತೀರಿಸಲು ಶುರುಮಾಡು, ಶೇ. 20 ಮುಟ್ಟಿದರೆ ಹೊಸದಾಗಿ ಬರೆಯುವವರನ್ನೇ ತಡೆ. 16 ಜಿಬಿಯಲ್ಲಿ ಶೇ. 20 ಅಂದರೆ ಸುಮಾರು ಮೂರು ಜಿಬಿ. ಚದುರಿದ ಬರಹಕ್ಕೆ ನಮ್ಮ ಡಿಸ್ಕುಗಳ ಓಟ ಸೆಕೆಂಡಿಗೆ 40 ಎಂಬಿ. ಭಾಗಿಸಿದರೆ 75 ಸೆಕೆಂಡು! ಕೋಣೆ ಕಲ್ಲಾಗುತ್ತಿದ್ದುದು ಸರಿಸುಮಾರು ಅಷ್ಟೇ ಹೊತ್ತು. ಹೆಚ್ಚು ಮೆಮೊರಿ ಕೊಟ್ಟರೆ ಒಳ್ಳೆಯದು ಎಂದು ನಾನೇ ಹಟ ಹಿಡಿದು ಹಾಕಿಸಿದ್ದೆ. ಡಿಸ್ಕಿನ ಓಟ ಅಷ್ಟೇ ಇದ್ದು ಮೆಮೊರಿ ಮಾತ್ರ ಬೆಳೆದರೆ ಬೆಳೆಯುವುದು ಸಾಲ ಮಾಡುವ ಶಕ್ತಿ, ತೀರಿಸುವ ಶಕ್ತಿಯಲ್ಲ.

ಭೀಮೆಯ ಆಸುಪಾಸಿನ ನಮಗೆ ಇದು ಹೊಸ ಪಾಠವಾಗಬಾರದಿತ್ತು. ಉಜನಿ ಆಣೆಕಟ್ಟು ತುಂಬಿ ನಿಂತ ಮೇಲೆ ಮಳೆ ಸುರಿದರೆ ಗೇಟು ಎತ್ತದೆ ವಿಧಿಯಿಲ್ಲ. ಕೆಳಗಿನ ಹೊಲಗಳ ಗತಿ ಏನೆಂದು 2020ರ ಅಕ್ಟೋಬರಿನಲ್ಲಿ ಪಂಢರಪುರದಿಂದ ಅಕ್ಕಲಕೋಟದ ತನಕ ಜನ ನೋಡಿದರು. ನೀರನ್ನು ಮೊದಲಿನಿಂದಲೇ ಸ್ವಲ್ಪ ಸ್ವಲ್ಪ ಬಿಡುತ್ತ ಬಂದರೆ ಬೇರೆ ಮಾತು. ನಾನು ಶೇಕಡಾ ಲೆಕ್ಕವನ್ನು ಬಿಟ್ಟು ನೇರ ಅಳತೆ ಕೊಟ್ಟೆ: 64 ಎಂಬಿ ಬಾಕಿಯಾದ ಕೂಡಲೇ ತೀರಿಸಲು ಹತ್ತು, 256 ಎಂಬಿ ಆದರೆ ತಡೆ. 256ನ್ನು 40ರಿಂದ ಭಾಗಿಸಿದರೆ ಏಳು ಸೆಕೆಂಡು ಮೀರುವುದಿಲ್ಲ. ದೊಡ್ಡ ಕಾಪಿಗಳು ಮೊದಲಿನಷ್ಟು ಚುರುಕಾಗಿ ಕಾಣಲಿಲ್ಲ, ಆದರೆ ಅವು ನಿಜವಾಗಿ ಎಷ್ಟು ಹೊತ್ತಿಗೆ ಮುಗಿಯುತ್ತಿದ್ದವೋ ಅಷ್ಟೇ ಹೊತ್ತಿಗೆ ಮುಗಿದವು. ಕೋಣೆ ಮತ್ತೆ ಕಲ್ಲಾಗಲಿಲ್ಲ. ಬರೆಯುವವರನ್ನು ಇದ್ದಕ್ಕಿದ್ದಂತೆ ನಿಲ್ಲಿಸದೆ ಮೆಲ್ಲಮೆಲ್ಲನೆ ನಿಧಾನಗೊಳಿಸುವ ಒಳ್ಳೆಯ ಪದ್ಧತಿಯನ್ನು ವು ಫೆಂಗ್‌ಗ್ವಾಂಗ್ ಎಂಬ ಎಂಜಿನಿಯರ್ ಬರೆದಿದ್ದರು. ಅದು 2012ರ ಜನವರಿಯಲ್ಲಿ ಬಂದ ಲಿನಕ್ಸ್ 3.2ರಲ್ಲಿ ಸೇರಿತು. ನಮ್ಮ ಸರ್ವರ್‌ನಲ್ಲಿದ್ದದ್ದು ಅದಕ್ಕಿಂತ ಹಳೆಯದು.

ಇಷ್ಟಾದ ಮೇಲೆ ಎಲ್ಲ ಸರಿಯಾಯಿತು ಎಂದು ಮಾಲಕರಿಗೆ ಹೇಳಬಹುದಿತ್ತು. ಹೇಳಲು ಬಾಯಿ ಬರಲಿಲ್ಲ. ಮೊದಲೂ ಹಾಗೇ ಹೇಳಿದ್ದೆ. ಒಂದು ಭಾನುವಾರ, ಮಗ್ಗಗಳು ನಿಂತ ದಿನ, ಬ್ಯಾಕಪ್ ಎಲ್ಲ ಬೇರೆ ಡಿಸ್ಕಿಗೆ ತೆಗೆದಿಟ್ಟು, ಪರೀಕ್ಷೆಗೆ ಕೂತೆ. ಒಂದು ಡಿಸೈನ್ ಯಂತ್ರದಲ್ಲಿ ಪುಟ್ಟ ಪ್ರೋಗ್ರಾಮ್ ಬರೆದೆ: ಒಂದು, ಎರಡು, ಮೂರು ಎಂದು ಸಂಖ್ಯೆಯನ್ನು ಸರ್ವರ್‌ನ ಫೈಲಿಗೆ ಬರೆ, ಡಿಸ್ಕಿಗೆ ಮುಟ್ಟಿತೆಂಬ ಖಾತ್ರಿ ಕೇಳು, ಖಾತ್ರಿ ಬಂದರೆ ಮಾತ್ರ ಆ ಸಂಖ್ಯೆಯನ್ನು ಪರದೆಯ ಮೇಲೆ ತೋರಿಸಿ ಮುಂದಕ್ಕೆ ಹೋಗು. ಸಂಖ್ಯೆಗಳು ಓಡತೊಡಗಿದವು. ನಾನು ಸರ್ವರ್‌ನ ಹಿಂದೆ ಹೋಗಿ ಕರೆಂಟಿನ ವಾಯರನ್ನೇ ಕಿತ್ತೆ. ಫ್ಯಾನುಗಳ ಸದ್ದು ಇಳಿದು ಕೋಣೆಯಲ್ಲಿ ಗೋಡೆ ಗಡಿಯಾರದ ಸದ್ದಷ್ಟೇ ಉಳಿಯಿತು. ಪರದೆಯ ಮೇಲೆ ಕೊನೆಯ ಸಂಖ್ಯೆ 4,183. ಕ್ಲೈಂಟು ಮತ್ತೆ ಕಳಿಸಿ ತಪ್ಪನ್ನು ಮುಚ್ಚಿಬಿಡಬಾರದೆಂದು ಅದರ ನೆಟ್‌ವರ್ಕ್ ಕೇಬಲನ್ನೂ ಕಿತ್ತಿಟ್ಟು, ಸರ್ವರನ್ನು ಎಬ್ಬಿಸಿ, ಫೈಲು ತೆರೆದೆ.

4,121.

ಅರವತ್ತೆರಡು ಸಲ ಖಾತ್ರಿ ಕೊಟ್ಟು ಬರೆಯದೇ ಉಳಿದಿತ್ತು. ಎನ್‌ಎಫ್‌ಎಸ್ ಸರಿ, ಲಿನಕ್ಸ್ ಸರಿ, ಆದರೂ ಯಾರೋ ಸುಳ್ಳು ಹೇಳುತ್ತಿದ್ದರು. ಮಧ್ಯಾಹ್ನ ಊಟ ಬಿಟ್ಟು ಹುಡುಕಿದಾಗ ಸಿಕ್ಕಿತು. ರೇಡ್ ಕಾರ್ಡಿಗೂ ಸ್ವಂತ ಮೆಮೊರಿ ಇರುತ್ತದೆ, ಕರೆಂಟು ಹೋದರೆ ಅದನ್ನು ಕಾಯಲು ಪುಟ್ಟ ಬ್ಯಾಟರಿ. ಬ್ಯಾಟರಿ ಕೆಟ್ಟರೆ ಕಾರ್ಡು ತಾನಾಗಿ ಎಚ್ಚರ ವಹಿಸಿ ನೇರ ಡಿಸ್ಕಿಗೇ ಬರೆಯಬೇಕು. ನಮ್ಮ ಕಾರ್ಡಿನಲ್ಲಿ ‘ಬ್ಯಾಟರಿ ಇಲ್ಲದಿದ್ದರೂ ಮೆಮೊರಿಯಲ್ಲೇ ಇಟ್ಟುಕೊ’ ಎಂಬ ಆಯ್ಕೆಗೆ ಜೋಡಿಸುವಾಗಲೇ ಗುರುತು ಹಾಕಿದ್ದರು. ಬ್ಯಾಟರಿ ಸತ್ತಿತ್ತು. ಆ ಗುರುತನ್ನು ತೆಗೆದು ಮತ್ತೆ ಓಡಿಸಿದೆ. ಈ ಸಲ ಸಂಖ್ಯೆಗಳು ತೆವಳುತ್ತ ಬಂದವು, ಅದನ್ನು ನೋಡಿಯೇ ಅರ್ಧ ಧೈರ್ಯ ಬಂತು. ವಾಯರು ಕಿತ್ತಾಗ ಪರದೆಯ ಮೇಲೆ 1,096. ಫೈಲಿನಲ್ಲಿ 1,097.

ಒಂದು ಹೆಚ್ಚು. ಅದು ಸರಿಯಾದ ಲೆಕ್ಕ. ಕಿರ್ದಿಯಲ್ಲಿ ಬರೆದಾಗಿತ್ತು, ಪಟ್ಟಿ ರೈತನ ಕೈ ಸೇರುವುದರೊಳಗೆ ಕರೆಂಟು ಹೋಗಿತ್ತು. ಹೆಚ್ಚಿಗೆ ಇದ್ದರೆ ತೊಂದರೆಯಿಲ್ಲ, ಒಂದು ಕಡಿಮೆ ಇದ್ದರೂ ಸರ್ವರನ್ನು ಜನರಿಗೆ ಕೊಡುವ ಹಾಗಿಲ್ಲ. ಮರುವಾರ ಕಾರ್ಡಿಗೆ ಹೊಸ ಬ್ಯಾಟರಿ ಬಂತು, ಓಟವೂ ಮರಳಿತು. ಅಂದಿನಿಂದ ನಾನು ಕೈಹಾಕಿದ ಯಾವ ಸರ್ವರನ್ನೂ ವಾಯರು ಕಿತ್ತು ನೋಡದೆ ಒಪ್ಪಿಸಿಲ್ಲ. ಸೋಲಾಪುರದ ಗಡ್ಡಾ ಜಾತ್ರೆಯ ರಜೆಯಲ್ಲಿ ವರ್ಷಕ್ಕೊಮ್ಮೆ ಮತ್ತೆ ಮಾಡುತ್ತೇನೆ, ಯುಪಿಎಸ್ಸಿನ ಮುಚ್ಚಳವನ್ನೂ ತೆಗೆಯುತ್ತೇನೆ.

ಲೆಕ್ಕದ ವಿಭಾಗದ ವಿಂಡೋಸ್ ಯಂತ್ರಗಳು ಸಾಂಬಾ ಎಂಬ ತಂತ್ರಾಂಶದ ಮೂಲಕ ಇದೇ ಸರ್ವರ್‌ಗೆ ಬರುತ್ತಿದ್ದವು. ಅಲ್ಲಿಯೂ ಇಂಥದೇ ಒಂದು ಹಳ್ಳವಿತ್ತು. ‘ಈಗಲೇ ಡಿಸ್ಕಿಗೆ ಹಾಕು’ ಎಂದು ವಿಂಡೋಸ್ ಕೇಳಿದರೂ ಆಗಿನ ಸಾಂಬಾ ಮಾಮೂಲಾಗಿ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ‘ಸ್ಟ್ರಿಕ್ಟ್ ಸಿಂಕ್’ ಎಂಬುದನ್ನು ನಾವೇ ‘ಎಸ್’ ಮಾಡಬೇಕಿತ್ತು. 2017ರಲ್ಲಿ ಬಂದ 4.7ರಿಂದ ಅದು ಮಾಮೂಲಾಗಿಯೇ ‘ಎಸ್’ ಆಗಿದೆ. ಹಳೆಯ ಸಾಂಬಾ ಇಟ್ಟುಕೊಂಡು ಅದರ ಮೇಲೆ ಲೆಕ್ಕದ ಫೈಲುಗಳನ್ನಿಟ್ಟವರು ಇದೊಂದನ್ನು ಇವತ್ತೇ ನೋಡಿಕೊಳ್ಳಬೇಕು.

ಈಗ ಕಂದಲಗಾಂವದಲ್ಲಿ ಅಣ್ಣನ ಮಗಳು ಸೇವಾ ಕೇಂದ್ರ ನಡೆಸುತ್ತಾಳೆ. ಜಮೀನಿನ ಸಾತ್‌ಬಾರಾ ಉತಾರ, ಬೆಳೆವಿಮೆ, ಹುಡುಗರ ಫಾರ್ಮು, ಇವೇ ಕೆಲಸ. ಎರಡು ಕಂಪ್ಯೂಟರು, ಮೂಲೆಯಲ್ಲಿ ನಾನು ಜೋಡಿಸಿಕೊಟ್ಟ ಸಣ್ಣ ಸರ್ವರ್. ಊರಿನಲ್ಲಿ ಕರೆಂಟಿನ ಕತೆ ಊರಿನದೇ, ಆದ್ದರಿಂದ ಅದರಲ್ಲಿ ‘ಅ’ ಇಲ್ಲ. ಹೋದ ತಿಂಗಳು ಅಲ್ಲಿ ಕೂತಿದ್ದಾಗ ಹಿರಿಯರೊಬ್ಬರು ಪೆನ್‌ಡ್ರೈವ್ ತಂದಿದ್ದರು, ಮಗಳ ಮದುವೆಯ ಫೋಟೋಗಳನ್ನು ತುಂಬಿಸಿಕೊಳ್ಳಲು. ಹಸಿರು ಗೆರೆ ಕ್ಷಣದಲ್ಲಿ ಕೊನೆ ಮುಟ್ಟಿತು. ಅವರು ಕೈ ಚಾಚಿದರು.

“ಕಾಕಾ, ತಡೀರಿ. ಲೈಟ್ ಇನ್ನಾ ಮಿಣಮಿಣ ಅನ್ನಾಕತ್ತೈತಿ.”

“ಆಗೇತಿ ಅಂತ ಬಂತಲ್ಲವಾ?”

“ಹಂಗ ಬರತೈತಿ, ಆಗಿರೂದಿಲ್ಲ. ಕುಂದರ್ರಿ, ಚಾ ಹೇಳ್ತೀನಿ.”

ಬಾಕಿನ ತುದಿಯಲ್ಲಿ ಕೂತಿದ್ದ ಅಪ್ಪ ಕನ್ನಡಕ ಸರಿಮಾಡಿಕೊಂಡು ಆ ಪುಟ್ಟ ಲೈಟನ್ನು ನೋಡಿದರು. ಚಹಾ ಬಂತು. ಲೈಟ್ ಇನ್ನೂ ಎರಡು ನಿಮಿಷ ಮಿಣುಕಿ ನಿಂತಿತು. ಅವಳು ‘ಇಜೆಕ್ಟ್’ ಒತ್ತಿ, ಬೇರೆ ಕಂಪ್ಯೂಟರಿಗೆ ಹಾಕಿ ಕೊನೆಯ ಫೋಟೋ ತೆರೆದು ತೋರಿಸಿ, ಆಮೇಲೆ ಪೆನ್‌ಡ್ರೈವನ್ನು ಅವರ ಕೈಗೆ ಕೊಟ್ಟು ಇಪ್ಪತ್ತು ರೂಪಾಯಿ ಇಸಿದುಕೊಂಡಳು.